ಕಣ್ಣೀರು ಬಾರದ ಪ್ರಾರ್ಥನೆ

ಸಂಪಾದಕರ ಉತ್ತರ

ಯಾದಗಿರಿ ಜಿಲ್ಲೆಯ ಸಹೋದರಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬಾರದೆಂದು ಕೇಳಿಕೊಂಡಿದ್ದಾರೆ, ಹಾಕಿಲ್ಲ. ಪತ್ರದ ಸಾರ ಇದು. ಮದುವೆಗೆ ಮುಂಚೆ ಅವರು ದಿನಾ ನಸುಕಿನಲ್ಲಿ ಒಂದು ತಾಸು ಮೊಣಕಾಲೂರಿ ಪ್ರಾರ್ಥನೆ ಮಾಡುತ್ತಿದ್ದರು. ಹಾಡಿನ ಮೊದಲ ಸಾಲಿಗೇ ಕಣ್ಣು ತುಂಬಿ ಬರುತ್ತಿತ್ತು. ಮದುವೆಯಾಗಿ ಈಗ ಹನ್ನೊಂದು ವರ್ಷ, ಇಬ್ಬರು ಮಕ್ಕಳು. ಮಾವ ತೀರಿಕೊಂಡ ಮೇಲೆ ಅತ್ತೆಗೆ ಲಕ್ವಾ ಹೊಡೆದು, ಮಾತು ನಿಂತು, ಎರಡು ವರ್ಷದಿಂದ ಹಾಸಿಗೆಯಲ್ಲೇ ಇದ್ದಾರೆ. ನಾಲ್ಕೂವರೆಗೆ ಎದ್ದರೆ ನೀರು, ಒಲೆ, ರೊಟ್ಟಿ, ಅತ್ತೆಯ ಮೈ ಒರೆಸುವುದು, ಮಕ್ಕಳ ಶಾಲೆ, ಬಳಿಕ ತೊಗರಿ ಹೊಲದ ಕೂಲಿ. ರಾತ್ರಿ ಸತ್ಯವೇದ ತೆರೆದರೆ ಎರಡನೇ ವಚನಕ್ಕೆ ನಿದ್ದೆ. ರವಿವಾರದ ಆರಾಧನೆಯಲ್ಲಿ ಸುತ್ತಲಿನವರು ಕೈ ಎತ್ತಿ ಅಳುತ್ತ ಪ್ರಾರ್ಥಿಸುವಾಗ ಇವರಿಗೆ ಎದೆಯೊಳಗೆ ಏನೂ ಆಗುವುದಿಲ್ಲ. ಸಭೆಯ ಹಿರಿಯ ಹೆಂಗಸೊಬ್ಬರು ಯಾಕೋಬನ ಪತ್ರಿಕೆ ತೆರೆದು ತೋರಿಸಿ, "ದೇವರ ಸಮೀಪಕ್ಕೆ ಬನ್ನಿರಿ, ಆಗ ಆತನು ನಿಮ್ಮ ಸಮೀಪಕ್ಕೆ ಬರುವನು ಅಂತ ಬರದದ ನೋಡು. ನೀ ಹೋಗಿಲ್ಲ, ಅದಕ್ಕ ಆತ ಬಂದಿಲ್ಲ. ಒಳಗ ಏನರ ಪಾಪ ಇರಬೇಕು" ಅಂದರಂತೆ. ಪತ್ರದ ಕೊನೆಗೆ ಇವರು ಕೇಳಿದ್ದು: "ದೇವರು ನನ್ನ ಕೈ ಬಿಟ್ಟಾನೇನ್ರಿ? ಆತನ ಹತ್ತಿರ ಹೋಗಬೇಕಂದ್ರ ನಾ ಏನ್ ಮಾಡ್ಲಿ? ಉತ್ತರ ಬರೀಲಿಕ್ಕೆ ಆಗದಿದ್ರೂ ನಡೀತದ. ಹೇಳ್ಕೋಬೇಕು ಅನಿಸ್ತು, ಹೇಳ್ಕೊಂಡೀನಿ."

ಪ್ರಿಯ ಸಹೋದರಿ,

ನಿಮ್ಮ ಪತ್ರ ಮಗಳ ನೋಟ್‌ಬುಕ್ಕಿನಿಂದ ಹರಿದ ಹಾಳೆಗಳಲ್ಲಿದೆ. ಮೂರನೇ ಹಾಳೆಯ ಅಂಚಿಗೆ ಜೋಳದ ಹಿಟ್ಟು ಮೆತ್ತಿ ಒಣಗಿದೆ. ಎಸರಿಟ್ಟು, ಅದು ಕುದಿಯುವಷ್ಟರಲ್ಲಿ ನಾಲ್ಕು ಸಾಲು ಬರೆದು, ಹಿಟ್ಟು ನಾದಿ, ಕೈ ಒರೆಸಿಕೊಂಡು ಮತ್ತೆ ಬರೆದಿರಬೇಕು ನೀವು. ದೇವರು ಬೇಡವಾದವರು ಹೀಗೆ ಬರೆಯುವುದಿಲ್ಲ, ತಂಗೀ. ಹಸಿವೆ ಸತ್ತವರು ರೊಟ್ಟಿ ಎಲ್ಲಿ ಅಂತ ಕೇಳುವುದಿಲ್ಲ. ನಿಮ್ಮ ನಾಲ್ಕು ಪುಟವನ್ನೂ ನಾನು ಪ್ರಾರ್ಥನೆ ಎಂದೇ ಓದಿದ್ದೇನೆ. ವಿಳಾಸ ಮಾತ್ರ ನಮ್ಮ ಕಚೇರಿಯದು.

ಮೊದಲು ಆ ಪಾಪದ ಮಾತು ಮುಗಿಸಿಬಿಡುತ್ತೇನೆ, ಯಾಕೆಂದರೆ ಅದು ನಿಮ್ಮ ಎದೆಯ ಮೇಲೆ ಕಲ್ಲಿನಂತೆ ಕೂತಿದೆ. ಹುಟ್ಟುಕುರುಡನನ್ನು ಕಂಡು ಶಿಷ್ಯರೂ ಇದನ್ನೇ ಕೇಳಿದ್ದರು, ಯಾರ ಪಾಪದಿಂದ ಹೀಗಾಯಿತು ಎಂದು. ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಗಳೂ ಮಾಡಲಿಲ್ಲ ಎಂದು ಕರ್ತನಾದ ಯೇಸು ಆ ಪ್ರಶ್ನೆಯನ್ನೇ ಬದಿಗಿಟ್ಟ. ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಮೂವರು ಗೆಳೆಯರು ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದು ನಿನ್ನಲ್ಲಿ ಏನೋ ದೋಷವಿದೆ ಎಂದು ಹುಡುಕಲು ಹೊರಟ ಮೇಲೆ ಕೆಟ್ಟರು. ಕೊನೆಗೆ ದೇವರ ಕೋಪಕ್ಕೆ ಗುರಿಯಾದದ್ದು ಯೋಬನಲ್ಲ, ಅವರೇ. ನಿಮಗೆ ಹಾಗಂದ ಅವ್ವನಿಗೆ ಕೆಟ್ಟ ಮನಸ್ಸಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಮಾತು ತಪ್ಪು. ಅದನ್ನು ಮನೆಯೊಳಗೆ ಇಟ್ಟುಕೊಳ್ಳಬೇಡಿ.

ಕಣ್ಣೀರು ಬರುವುದು ದೇವರ ದಾನ, ಒಪ್ಪುತ್ತೇನೆ. ಬಂದಾಗ ಸ್ತೋತ್ರ ಹೇಳೋಣ. ಆದರೆ ಅದನ್ನು ನಾವು ಯಾವಾಗ ಅಳತೆಗೋಲು ಮಾಡಿಕೊಂಡೆವೋ ಗೊತ್ತಿಲ್ಲ, ಈಚಿನ ವರ್ಷಗಳಲ್ಲಿ ಬೀದರದಿಂದ ಶಹಾಪುರದವರೆಗೆ ಎಲ್ಲಿ ಕೂಟಕ್ಕೆ ಹೋದರೂ ಇದೇ ನೋಡುತ್ತಿದ್ದೇನೆ. ಮೈಕಿನ ಸದ್ದು ಏರಿದಷ್ಟೂ ದೇವರು ಇಳಿದು ಬಂದ ಅನ್ನುತ್ತಾರೆ. ಗೋಡೆಗೆ ಒರಗಿ ಸುಮ್ಮನೆ ಕೂತ ವಿಧವೆಯ ಕಡೆಗೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ಸತ್ಯವೇದದಲ್ಲಿ 150 ಕೀರ್ತನೆಗಳಿವೆ. ಅವುಗಳಲ್ಲಿ ಎಷ್ಟೋ ಕೀರ್ತನೆಗಳು ಅಳಲು, ದೂರು, ಎಷ್ಟರವರೆಗೆ ನನ್ನನ್ನು ಮರೆತಿರುತ್ತಿ ಎಂಬ ಜಗಳ. 13ನೆಯದು ಹಾಗೆಯೇ ಶುರುವಾಗುತ್ತದೆ, ಕೊನೆಗೆ ಹಾಡಿಗೆ ತಿರುಗುತ್ತದೆ. 88ನೆಯದು ತಿರುಗುವುದೇ ಇಲ್ಲ. ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ನಿಲ್ಲುತ್ತದೆ. ಅದನ್ನು ಕೂಡ ದೇವಜನರು ಕಿತ್ತು ಹಾಕಲಿಲ್ಲ, ಪವಿತ್ರ ಗ್ರಂಥದೊಳಗೆ ಇಟ್ಟುಕೊಂಡರು, ಆರಾಧನೆಯಲ್ಲಿ ಓದಿದರು. ಒಂದು ರಾತ್ರಿ ಎಚ್ಚರ ಉಳಿದರೆ ಅದನ್ನು ಓದಿ. ನಿಮ್ಮ ಮಾತನ್ನು ನಿಮಗಿಂತ ಮುಂಚೆ ಒಬ್ಬರು ಆಡಿಟ್ಟಿದ್ದಾರೆ.

ನಮ್ಮ ಸೀಮೆಯ ಸಭೆಗಳಲ್ಲಿ ಬಹಳಷ್ಟು ಮೆಥೋಡಿಸ್ಟ್ ಸಭೆಗಳು. ಹಾಗಾಗಿ ಆ ಪಂಥವನ್ನು ಹುಟ್ಟುಹಾಕಿದ ಜಾನ್ ವೆಸ್ಲಿಯವರ ಸಾಕ್ಷಿ ಎಲ್ಲರಿಗೂ ಬಾಯಿಪಾಠ: 1738ರ ಮೇ 24ರ ಸಂಜೆ, ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ಅವರ ಹೃದಯ ವಿಚಿತ್ರವಾಗಿ ಬೆಚ್ಚಗಾಯಿತು. ಈ ಕತೆಯನ್ನು ನಾವು ಪ್ರತಿ ವರ್ಷ ಹೇಳುತ್ತೇವೆ. ಮುಂದಿನದನ್ನು ಹೇಳುವುದಿಲ್ಲ. 28 ವರ್ಷದ ನಂತರ, 1766ರ ಜೂನಿನಲ್ಲಿ, ಅದೇ ವೆಸ್ಲಿ ತಮ್ಮನಾದ ಚಾರ್ಲ್ಸ್‌ಗೆ ಒಂದು ಕಾಗದ ಬರೆದರು. ನಾನು ದೇವರನ್ನು ಪ್ರೀತಿಸುತ್ತಿಲ್ಲ, ಎಂದೂ ಪ್ರೀತಿಸಿಲ್ಲ ಎಂಬರ್ಥದ ಮಾತು ಅದರಲ್ಲಿದೆ. ಸಾವಿರಾರು ಜನರನ್ನು ದೇವರ ಹತ್ತಿರ ಕರೆತಂದವರು, 63 ವರ್ಷದ ಮುದುಕರು, ಹೀಗೆ ಬರೆಯುತ್ತಾರೆ. ಬರೆದು ಮಡಚಿಟ್ಟು ಮರುದಿನ ಮನೆಯಲ್ಲಿ ಕೂರಲಿಲ್ಲ. ಕುದುರೆ ಹತ್ತಿ ಹೋದರು, ಬೋಧಿಸಿದರು, ಬಡವರ ಮನೆ ಹೊಕ್ಕರು. 1791ರಲ್ಲಿ ತೀರಿಕೊಳ್ಳುವವರೆಗೂ ಅದನ್ನೇ ಮಾಡಿದರು. ಕಲ್ಕತ್ತೆಯ ಮದರ್ ತೆರೇಸಾ ಅವರ ಕಾಗದಗಳು 2007ರಲ್ಲಿ ಅಚ್ಚಾದಾಗ ಇಂಥದೇ ಸಂಗತಿ ಹೊರಬಂತು; ಹತ್ತಿರ ಹತ್ತಿರ ಐವತ್ತು ವರ್ಷ ಅವರಿಗೆ ಪ್ರಾರ್ಥನೆಯಲ್ಲಿ ಬರೀ ಕತ್ತಲೆ. ಹೊರಗಿನವರಿಗೆ ಕಂಡದ್ದು ಅವರು ಎತ್ತಿಕೊಂಡ ರೋಗಿಗಳು ಮಾತ್ರ.

ಇವರ ಮಾತು ಎತ್ತಿದ್ದು ನಿಮ್ಮನ್ನು ಅವರ ಸಾಲಿಗೆ ಸೇರಿಸಲಿಕ್ಕಲ್ಲ. ಎದೆ ಒಣಗಿದೆ ಅಂದ ಮಾತ್ರಕ್ಕೆ ದೇವರು ಬಿಟ್ಟುಹೋಗಿದ್ದಾನೆ ಎಂಬ ಲೆಕ್ಕ ಅವರ ವಿಷಯದಲ್ಲೂ ಸರಿಹೋಗಲಿಲ್ಲ, ಅಷ್ಟೇ.

ನನ್ನದೂ ಒಂದು ಹೇಳಬೇಕು. ನನ್ನ ತಂದೆ ತೀರಿಕೊಂಡ ವರ್ಷ ಎಂಟು ತಿಂಗಳು ನನಗೆ ಪ್ರಾರ್ಥನೆ ಬರಲಿಲ್ಲ. ಈ ಪತ್ರಿಕೆಗೆ ತಿಂಗಳು ತಿಂಗಳು ಧ್ಯಾನ ಬರೆಯುತ್ತಿದ್ದೆ, ಒಳಗೆ ಮಾತ್ರ ಬರಿ ಭಣಭಣ. ಹೇಳಿದ್ದನ್ನೇ ಹೇಳುವ, ಯೇಸು ಕಲಿಸಿದ ಕರ್ತನ ಪ್ರಾರ್ಥನೆಯೊಂದೇ ಉಳಿದಿತ್ತು. ಅದೂ "ನಿನ್ನ ಚಿತ್ತವು" ಎಂಬಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಮುಂದಿನ ಶಬ್ದ ಗಂಟಲಿನಿಂದ ಹೊರಡುತ್ತಿರಲಿಲ್ಲ. ನಮ್ಮ ಓಣಿಯಲ್ಲಿ ಒಬ್ಬ ವಯಸ್ಸಾದ ಉಪದೇಶಿಗಳಿದ್ದರು, ಎತ್ತಿನ ಬಂಡಿ ಕಟ್ಟಿಕೊಂಡು ಕ್ರೈಸ್ತರ ಧಾರೂರು ಜಾತ್ರೆಗೆ ಹೋಗುತ್ತಿದ್ದ ಕಾಲದವರು. ಒಂದು ಸಂಜೆ ಬಂದು ನನ್ನ ಪಕ್ಕದ ಫರ್ಸಿ ಕಟ್ಟೆಯ ಮೇಲೆ ಕೂತರು. ಯಾಕೋ ಗೊತ್ತಿಲ್ಲ, ಅವರ ಮುಂದೆ ಹೇಳಿಬಿಟ್ಟೆ. ಅವರು ಬೋಧನೆ ಮಾಡಲಿಲ್ಲ. "ಎಲ್ಲಿ ನಿಂತದ?" ಅಂದರು. ಹೇಳಿದೆ. "ಅಲ್ಲೀ ಮಟ ನೀ ಅನ್ನು. ಅಲ್ಲಿಂದ ನಾ ಅಂತೀನಿ. ಅದರಾಗ ನಮ್ಮ ತಂದೆಯೇ ಅಂತ ಅದ, ನನ್ನ ತಂದೆಯೇ ಅಂತ ಇಲ್ಲ." ನಾನು ಶುರು ಮಾಡಿದೆ. ನಿಂತಲ್ಲಿಂದ ಅವರು ಎತ್ತಿಕೊಂಡು ಆಮೆನ್ ವರೆಗೆ ಹೋದರು. ಆಮೇಲೆ ಎಷ್ಟೋ ಸಂಜೆ ಹಾಗೆ ನಡೆಯಿತು. ಒಂದು ದಿನ ನಾನೇ ಪೂರ್ತಿ ಹೇಳಿದ್ದೆ, ಹೇಳಿ ಮುಗಿದ ಮೇಲೆ ಇಬ್ಬರಿಗೂ ತಿಳಿಯಿತು.

ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದು, ಮಾಳಿಗೆ ಕಿತ್ತು, ಯೇಸುವಿನ ಮುಂದೆ ಇಳಿಸಿದ ಕತೆ ನಿಮಗೆ ಗೊತ್ತು. ಅಲ್ಲಿ ಒಂದು ಸಣ್ಣ ಮಾತಿದೆ. ಯೇಸು ಅವರ ನಂಬಿಕೆಯನ್ನು ನೋಡಿ, ಎಂದು ಮಾರ್ಕನು ಬರೆಯುತ್ತಾನೆ. ಹೊತ್ತವರ ನಂಬಿಕೆಯನ್ನು ಎಣಿಕೆಗೆ ತೆಗೆದುಕೊಂಡ. ನಿಮಗೆ ಆಗದ ತಿಂಗಳಲ್ಲಿ ಸಭೆ ನಿಮ್ಮನ್ನು ಹೊರಬೇಕಿತ್ತು. ಹೊರುವುದು ಬಿಟ್ಟು ತೂಕ ಮಾಡಿತು. ಅದಕ್ಕಾಗಿ ಸಭೆಯವನಾಗಿ ನಾನು ನಿಮ್ಮಲ್ಲಿ ಕ್ಷಮೆ ಕೇಳುತ್ತೇನೆ.

ಇನ್ನು ನಿದ್ದೆಯ ವಿಷಯ. ಎಲೀಯ ಪ್ರವಾದಿ ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಕಾರ್ಯ ಕಂಡವನು, ಆಮೇಲೆ ಜೀವಭಯದಿಂದ ಅಡವಿಗೆ ಓಡಿ, ಒಂದು ಗಿಡದ ಕೆಳಗೆ ಕೂತು, ಸಾಕಪ್ಪಾ ದೇವರೇ, ಪ್ರಾಣ ತೆಗೆದುಕೋ ಎಂದು ಬೇಡಿ ಮಲಗಿಬಿಟ್ಟ. ದೇವದೂತ ಬಂದು ಏನು ಮಾಡಿದ? ವಾಕ್ಯ ಹೇಳಲಿಲ್ಲ, ಬೈಯಲಿಲ್ಲ, ಉಪವಾಸ ಮಾಡು ಅನ್ನಲಿಲ್ಲ. ಮುಟ್ಟಿ ಎಬ್ಬಿಸಿ ಊಟ ಮಾಡು ಅಂದ. ತಲೆಯ ಹತ್ತಿರ ಸುಟ್ಟ ರೊಟ್ಟಿ, ತಂಬಿಗೆ ನೀರು. ಎಲೀಯ ತಿಂದ, ಕುಡಿದ, ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು ಮತ್ತೆ ಉಣಿಸಿದ. ಹೋರೇಬ್ ಬೆಟ್ಟದ ಬಿರುಗಾಳಿ, ಭೂಕಂಪ, ಬೆಂಕಿ, ಆಮೇಲಿನ ದೇವರ ಆ ಮೆಲುದನಿ ಎಲ್ಲ ನಲವತ್ತು ದಿನದ ನಂತರ. ದಣಿದವನಿಗೆ ದೇವರು ಮೊದಲು ಕೊಟ್ಟದ್ದು ನಿದ್ದೆ ಮತ್ತು ರೊಟ್ಟಿ. ಆದ್ದರಿಂದ ಸತ್ಯವೇದ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋದದ್ದನ್ನು ಪಾಪದ ಲೆಕ್ಕದಲ್ಲಿ ಬರೆಯಬೇಡಿ. ಒಂದೇ ವಚನ ಓದಿ, ದೀಪ ಆರಿಸಿ, ಮಲಗಿ. ಸಂಜೆ ಹೊಲದಿಂದ ಬಂದ ಮೇಲೆ ಮಕ್ಕಳಿಗೆ ಬಡಿಸಿ ಉಳಿದದ್ದನ್ನು ತಿನ್ನುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ. ಇದನ್ನು ಆತ್ಮಿಕ ಸಲಹೆ ಎಂದೇ ತಿಳಿದು ಹೇಳುತ್ತಿದ್ದೇನೆ.

ನೀವು ಮಾರ್ಥಳ ಹೆಸರು ಬರೆದಿದ್ದೀರಿ: "ನಾ ಮಾರ್ಥಳಂಗ ಆಗೀನಿ, ಮರಿಯಳಂಗ ಪಾದದ ಹತ್ತಿರ ಕೂಡಲಿಕ್ಕೆ ಆಗ್ತಿಲ್ಲ." ಯೇಸು ಮನೆಗೆ ಬಂದಾಗ ಮಾರ್ಥ ಉಪಚಾರದ ಕೆಲಸದಲ್ಲಿದ್ದಳು, ಒಡಹುಟ್ಟಿದ ಮರಿಯ ಆತನ ಪಾದದ ಬಳಿ ಕೂತಿದ್ದಳು ಎಂಬ ಈ ಪ್ರಸಂಗವನ್ನು ನಾವು ಗಂಡಸರು ಪೀಠದ ಮೇಲಿಂದ ಎಷ್ಟು ಸಲ ಹೆಂಗಸರ ತಲೆಗೆ ಕಟ್ಟಿದ್ದೇವೆ! ಕರ್ತನು ಮಾರ್ಥಳಿಗೆ ಒಲೆ ಆರಿಸು ಅನ್ನಲಿಲ್ಲ. ಅನೇಕ ವಿಷಯಗಳಿಗೆ ಚಿಂತೆ ಮಾಡಿ ಗಾಬರಿಯಾಗಿದ್ದೀ ಎಂದು, ಎರಡು ಸಲ ಹೆಸರು ಹಿಡಿದು, ಮನೆಯ ಅಣ್ಣ ಹೇಳುವಂತೆ ಹೇಳಿದ. ಮತ್ತೆ ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ನೋಡಿ. ತಮ್ಮ ಲಾಜರ ಸತ್ತ ನಾಲ್ಕನೇ ದಿನ, ಊರ ಹೊರಗೆ ಎದುರು ಹೋಗಿ, ನೀನು ಇಲ್ಲಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎಂದು ನೇರ ದೂರು ಹೇಳಿ, ಅದೇ ಉಸಿರಿನಲ್ಲಿ ನೀನೇ ಕ್ರಿಸ್ತನು ಎಂದು ಒಪ್ಪಿಕೊಂಡವಳು ಇದೇ ಮಾರ್ಥ. ಅಡುಗೆ ಮನೆಯಲ್ಲಿ ಇದ್ದುಕೊಂಡೇ ಆಕೆ ಅಷ್ಟನ್ನು ತಿಳಿದಿದ್ದಳು.

ನಿಮ್ಮ ಯಜಮಾನರು ಸಭೆಯ ಕಮಿಟಿಯಲ್ಲಿದ್ದಾರೆ, ಬುಧವಾರ ಮನೆಮನೆಯ ಪ್ರಾರ್ಥನೆಗೆ ಹೋಗುತ್ತಾರೆ ಎಂದು ಹೆಮ್ಮೆಯಿಂದ ಬರೆದಿದ್ದೀರಿ. ಅವರು ಈ ಪತ್ರಿಕೆ ಓದುವವರೇ ಇರಬೇಕು, ಅವರಿಗೂ ಒಂದು ಮಾತು. ಸಹೋದರರೇ, ಒಂದು ಬುಧವಾರ ಬಿಟ್ಟು ಒಂದು ಬುಧವಾರ ಮನೆಯಲ್ಲಿರಿ. ನಿಮ್ಮ ತಾಯಿಯ ಮೈ ನೀವು ಒರೆಸಿ, ಮಗ್ಗುಲು ನೀವು ಬದಲಿಸಿ. ಕರ್ತನು ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು, ಬೋಗುಣಿ ಹಿಡಿದು, ಮೊಣಕಾಲೂರಿ ಹನ್ನೆರಡು ಮಂದಿಯ ಕಾಲು ತೊಳೆದ. ಅದನ್ನು ಹೆಂಗಸರ ಕೆಲಸ ಎಂದು ಆತ ಯಾರಿಗೂ ವಹಿಸಲಿಲ್ಲ. ಆ ಒಂದು ತಾಸು ನಿಮ್ಮ ಮನೆಯವರು ಬಾಗಿಲು ಹಾಕಿಕೊಂಡು ಪ್ರಾರ್ಥಿಸಲಿ, ಇಲ್ಲವೇ ಮಲಗಲಿ.

ತಂಗೀ, ಈಗ ನೀವು ಕೇಳಿದ್ದಕ್ಕೆ ಬರುತ್ತೇನೆ, ಏನು ಮಾಡಲಿ ಎಂಬುದಕ್ಕೆ.

ನಮ್ಮ ಅವ್ವನಿಗೆ ಓದು ಬರುತ್ತಿರಲಿಲ್ಲ. ಹಂಚಿನ ಮುಂದೆ ಕೂತು ದಿನಕ್ಕೆ ಮೂವತ್ತು ರೊಟ್ಟಿ ಬಡಿಯುತ್ತಿದ್ದಳು. ಹಿಟ್ಟಿನ ಉಂಡೆ ಕೈಗೆ ತೆಗೆದುಕೊಳ್ಳುವಾಗ ಒಂದು ಹೆಸರು ಅನ್ನುತ್ತಿದ್ದಳು. ರೊಟ್ಟಿ ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರುವವರೆಗೆ ಆ ಹೆಸರಿನವರು ಆಕೆಯ ಮನಸ್ಸಿನಲ್ಲಿರುತ್ತಿದ್ದರು. ದುಡಿಯಲಿಕ್ಕೆ ಮುಂಬೈಗೆ ಹೋದ ತಮ್ಮ. ಬಾಣಂತಿ ಅಕ್ಕನ ಮಗಳು. ಪಾಸ್ಟರಮ್ಮ. ನಳದ ಹತ್ತಿರ ಕೊಡಕ್ಕಾಗಿ ಜಗಳಾಡಿದ ಹೆಣ್ಣುಮಗಳ ಹೆಸರೂ ಬರುತ್ತಿತ್ತು. ಆ ರೊಟ್ಟಿಯ ಅಂಚು ಎಷ್ಟೋ ಸಲ ಹರಿಯುತ್ತಿತ್ತು. ಹರಿದರೆ ಮತ್ತೆ ಮುದ್ದೆ ಮಾಡಿ, ಅದೇ ಹೆಸರು ಅಂದು, ಮತ್ತೆ ಬಡಿಯುತ್ತಿದ್ದಳು. ನಾನು ಚಿಕ್ಕವನು, ಒಲೆಯ ಮಗ್ಗುಲಿಗೆ ಕೂತು ಲೆಕ್ಕ ಹಾಕುತ್ತಿದ್ದೆ, ನನ್ನದು ಎಷ್ಟನೆಯದು ಎಂದು. ಪ್ರಾರ್ಥನೆ ಮಾಡುತ್ತಿದ್ದೇನೆ ಎಂದು ಆಕೆ ಎಂದೂ ಹೇಳಲಿಲ್ಲ. ವೆಸ್ಲಿಯವರ ತಾಯಿ ಸುಸನ್ನಾ ಅವರಿಗೆ ಹತ್ತೊಂಬತ್ತು ಹೆರಿಗೆ. ಮಕ್ಕಳ ಗದ್ದಲದ ನಡುವೆ ಸೊಂಟಕ್ಕೆ ಕಟ್ಟಿಕೊಂಡ ಏಪ್ರನ್ನನ್ನು ತಲೆಯ ಮೇಲೆ ಎಳೆದುಕೊಂಡು ಕೂತರೆ ಅವ್ವ ಪ್ರಾರ್ಥನೆಯಲ್ಲಿದ್ದಾಳೆ ಎಂದು ಮಕ್ಕಳು ತಿಳಿಯುತ್ತಿದ್ದರಂತೆ, ಹಾಗೆ ಹೇಳಿಕೆ ಇದೆ. ನಿಮಗೆ ಸೆರಗಿದೆ. ಎರಡು ನಿಮಿಷ ಸಾಕು.

ಬೀದರಿನ ಹತ್ತಿರ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ, ಕರೇಜ್ ಅನ್ನುತ್ತಾರೆ. ಮೇಲೆ ಕೆಂಪು ಜಂಬಿಟ್ಟಿಗೆ ನೆಲ ಒಣಗಿ ಬಿರಿದಿರುತ್ತದೆ, ಕೆಳಗೆ ಮನುಷ್ಯ ನಡೆಯುವಷ್ಟು ಎತ್ತರದ ಕಾಲುವೆಯಲ್ಲಿ ನೀರು. ದಾರಿಯುದ್ದಕ್ಕೂ ಅಲ್ಲಲ್ಲಿ ಮೇಲಿನಿಂದ ಬಾವಿಯಂಥ ಬಾಯಿ ತೆರೆದಿದ್ದಾರೆ, ಗಾಳಿ ಬೆಳಕು ಇಳಿಯಲಿಕ್ಕೆ, ಹೂಳು ಎತ್ತಲಿಕ್ಕೆ. ಎಷ್ಟೋ ಕಾಲ ಈ ಬಾಯಿಗಳು ಕಸ, ಮಣ್ಣು ತುಂಬಿ ಮುಚ್ಚಿಹೋಗಿದ್ದವು. ಈಚಿನ ವರ್ಷಗಳಲ್ಲಿ ಹೂಳೆತ್ತಿದಾಗ ನಾನೂ ನೋಡಲಿಕ್ಕೆ ಹೋಗಿದ್ದೆ. ಹೊಸದಾಗಿ ಯಾರೂ ನೀರು ತಂದು ಸುರಿಯಲಿಲ್ಲ. ನಿಮ್ಮ ಆ ಒಂದು ತಾಸಿನ ಪ್ರಾರ್ಥನೆ ಮತ್ತೆ ಎಂದು ಬರುತ್ತದೋ, ಬಂದಾಗ ಬರಲಿ. ಅಲ್ಲಿಯವರೆಗೆ ದಿನದಲ್ಲಿ ಅಲ್ಲಲ್ಲಿ ಇಷ್ಟಿಷ್ಟೇ ಬಾಯಿ ತೆರೆದಿಡಿ: ನಳದ ಸಾಲಿನಲ್ಲಿ ನಿಂತಾಗ, ಕುಡುಗೋಲು ಕೆಳಗಿಟ್ಟು ನೀರು ಕುಡಿಯುವಾಗ, ಮಗಳಿಗೆ ಜಡೆ ಹಾಕುವಾಗ. ಮಾತು ಬರದಿದ್ದರೆ "ಯೇಸುವೇ, ದಣಿವಾಗೇದ" ಅಂದರೂ ಆಯಿತು. ಅದು ನಿಜವಾದ ಮಾತು, ನಿಜವಾದ ಮಾತನ್ನು ಆತ ತಳ್ಳಿಹಾಕುವವನಲ್ಲ.

ಕೊನೆಗೆ ನಿಮ್ಮ ಅತ್ತೆಯವರ ವಿಷಯ. ಪತ್ರ ಓದುತ್ತ ನನ್ನ ಮನಸ್ಸು ಹೆಚ್ಚು ಹೊತ್ತು ನಿಂತದ್ದು ಅಲ್ಲಿಯೇ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುತ್ತೀರಿ, ಇಷ್ಟು ದಿನದಲ್ಲಿ ಬೆನ್ನಿಗೆ ಒಂದು ಹುಣ್ಣೂ ಆಗಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಹಾಸಿಗೆ ಹಿಡಿದವರನ್ನು ನೋಡಿಕೊಂಡವರಿಗೆ ಗೊತ್ತು ಆ ಸಾಲಿನ ಭಾರ ಎಷ್ಟೆಂದು. ನಿಮಗೆ ತೋರಿಸಿದ ವಚನ ಯಾಕೋಬನ ಪತ್ರಿಕೆಯ 4ನೇ ಅಧ್ಯಾಯದ್ದು. ಅದೇ ಪತ್ರಿಕೆಯ 1ನೇ ಅಧ್ಯಾಯದ ಕೊನೆಯ ವಚನವನ್ನು ಯಾರೂ ತೋರಿಸಲಿಲ್ಲ. ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ನೋಡಿಕೊಳ್ಳುವುದೇ ತಂದೆಯಾದ ದೇವರ ಮುಂದೆ ಶುದ್ಧ ಭಕ್ತಿ ಎಂದು ಅಲ್ಲಿ ಬರೆದಿದೆ. ನಿಮ್ಮ ಮನೆಯ ವಿಧವೆಯ ಬೆನ್ನು ಒರೆಸುವಾಗ ದೇವರ ಸಮೀಪಕ್ಕೆ ಇನ್ನೆಷ್ಟು ಬರಬೇಕು ಎಂದು ನನಗೆ ತಿಳಿಯದು.

ಇನ್ನೊಂದು ಮಾತು. ಲಕ್ವಾ ಹೊಡೆದು ಮಾತು ನಿಂತವರಲ್ಲಿ ಕೆಲವರಿಗೆ ತಾವಾಗಿ ಒಂದು ಶಬ್ದ ಆಡಲು ಬರದಿದ್ದರೂ, ವರ್ಷಗಟ್ಟಲೆ ಬಾಯಿಪಾಠವಿದ್ದ ಹಾಡು, ಪ್ರಾರ್ಥನೆ ನಾಲಿಗೆಗೆ ಬರುತ್ತವೆ. ಹಾಡಿನ ದಾರಿ ಬೇರೆ ಇರುತ್ತದೆ ಎಂದು ವೈದ್ಯರೂ ಹೇಳುತ್ತಾರೆ. ಎಲ್ಲರಿಗೂ ಆಗುತ್ತದೆ ಎಂದಲ್ಲ. ಆದರೆ ಮಗ್ಗುಲು ಬದಲಿಸುವಾಗ ಅವರ ಕಿವಿಯ ಹತ್ತಿರ ಬಾಗಿ "ಯೆಹೋವನು ನನಗೆ ಕುರುಬನು" ಎಂದು ನಿಧಾನಕ್ಕೆ ಅನ್ನಿ, ಅಂದು ತುಸು ತಡೆಯಿರಿ. "ಕೊರತೆಪಡೆನು" ಎಂಬುದಕ್ಕೆ ತುಟಿ ಅಲುಗಾಡುತ್ತದೋ ನೋಡಿ. ಕರ್ತನ ಪ್ರಾರ್ಥನೆ ಶುರು ಮಾಡಿ. ನಿಮಗೆ ನಿಲ್ಲುವ ಕಡೆಯಿಂದ ಅವರು ಎತ್ತಿಕೊಳ್ಳಬಹುದು. ಅವರು ಎತ್ತಿಕೊಳ್ಳದಿದ್ದರೂ ಕೇಳಿಸಿಕೊಳ್ಳುತ್ತಾರೆ. ನಿಮ್ಮ ಒಣಗಿದ ಎದೆಯ ಸಂಗತಿಯನ್ನು ಅವರಿಗೂ ಹೇಳಿ. ಐವತ್ತು ವರ್ಷ ಪ್ರಾರ್ಥಿಸಿದ ಜೀವ ಅದು, ಮಲಗಿದಲ್ಲೇ ಸೊಸೆಗಾಗಿ ಏನು ಬೇಡುತ್ತಿದೆಯೋ.

ಉತ್ತರ ಬರೆಯದಿದ್ದರೂ ನಡೆಯುತ್ತದೆ ಅಂದಿರಿ. ನನಗೆ ನಡೆಯುವುದಿಲ್ಲ. ನಿಮ್ಮ ಪತ್ರವನ್ನು ಶುಕ್ರವಾರ ಬೆಳಿಗ್ಗೆ ಕಚೇರಿಯ ಪ್ರಾರ್ಥನೆಯಲ್ಲಿ, ಊರು ಹೆಸರು ಬಿಟ್ಟು, ಓದಿದೆ. ನಾವು ನಾಲ್ವರಿದ್ದೆವು. ಪುಟ ಕಟ್ಟುವ ಹುಡುಗ ಓದಿದ್ದು ಮುಗಿದ ಮೇಲೆ, "ಅವರ ಅತ್ತೀ ಹೆಸರೇನ್ರಿ?" ಎಂದು ಕೇಳಿದ. ಪತ್ರದಲ್ಲಿ ಇರಲಿಲ್ಲ. ಒಂದು ಕಾರ್ಡಿನ ಮೇಲೆ ಹೆಸರಷ್ಟೇ ಬರೆದು ಹಾಕಿ. ಇನ್ನು ಮುಂದೆ ಶುಕ್ರವಾರ ಶುಕ್ರವಾರ ಅವರನ್ನೂ ನಿಮ್ಮನ್ನೂ ಹೆಸರು ಹಿಡಿದೇ ನೆನೆಯಬೇಕೆಂದಿದ್ದೇವೆ.

ಕರ್ತನಲ್ಲಿ ನಿಮ್ಮ ಅಣ್ಣ,
ಸಂಪಾದಕ